ಮದ್ದು ತೂಗುವ ಮೇಜು

ಬೇಟೆಯ ಕಥೆಗಳು ಸಾಮಾನ್ಯವಾಗಿ ಕಾಡಿನಲ್ಲೇ ಶುರುವಾಗುತ್ತವೆ. ಪೊದೆ ಅಲುಗುತ್ತದೆ, ಬೇಟೆಗಾರ ಉಸಿರು ಬಿಗಿಹಿಡಿಯುತ್ತಾನೆ, ಈಡು ಹಾರುತ್ತದೆ. ಈ ವಾರ ನಾನು ಬರೆಯಹೊರಟಿರುವ ಪುಸ್ತಕದಲ್ಲಿ ಕಾಡೇ ಇಲ್ಲ. ಅದರಲ್ಲಿರುವುದು ಒಂದು ಮೇಜು, ಒಂದು ತಕ್ಕಡಿ, ಪುಟಗಟ್ಟಲೆ ಅಂಕಿಗಳು. ಅಮೆರಿಕದ ಬೇಟೆಗಾರರು ತಮ್ಮ ರೈಫಲ್ಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಲು ಇಟ್ಟುಕೊಳ್ಳುವ ಕೈಪಿಡಿ ಅದು. ಅದನ್ನು ಸಾಹಿತ್ಯವೆಂದು ಯಾರೂ ಕರೆದಿಲ್ಲ. ಹಾಗಿದ್ದೂ ಅಮೆರಿಕದ ಬೇಟೆಯ ಬರವಣಿಗೆಯನ್ನು ಅರ್ಥಮಾಡಿಕೊಳ್ಳಲು ನನಗೆ ಫಾಕ್ನರನಷ್ಟೇ ನೆರವಾದದ್ದು ಆ ಕೈಪಿಡಿ. ಅದನ್ನು ಒಂದು ಕೃತಿಯನ್ನು ಓದುವ ಹಾಗೆ ಓದಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದು ಇಲ್ಲಿನ ವಿಷಯ.

2014ರಿಂದ ಎರಡು ವರ್ಷ ನಾನು ಪೆನ್ಸಿಲ್ವೇನಿಯಾದಲ್ಲಿ ಅಮೆರಿಕನ್ ಸಾಹಿತ್ಯ ಓದುತ್ತಿದ್ದೆ. ಬಾಡಿಗೆಗಿದ್ದ ಮನೆಯ ಯಜಮಾನನಿಗೆ ಎಪ್ಪತ್ತು ದಾಟಿತ್ತು. ಮೇಲಿನ ಕೋಣೆಯಲ್ಲಿ ನನ್ನ ಪುಸ್ತಕಗಳು, ನೆಲಮಾಳಿಗೆಯಲ್ಲಿ ಅವನ ಮೇಜು. ಆ ರಾಜ್ಯದಲ್ಲಿ ಆಗ ರೈಫಲ್ಲಿನ ಜಿಂಕೆ ಬೇಟೆಯ ಋತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ತೆರೆಯುತ್ತಿತ್ತು. 2019ರಿಂದ ಅದು ಶನಿವಾರಕ್ಕೆ ಬಂದಿದೆ. ಆ ಸೋಮವಾರ ಎಷ್ಟೋ ಊರುಗಳಲ್ಲಿ ಶಾಲೆಗಳಿಗೆ ರಜೆ. ನನ್ನ ಯಜಮಾನನಿಗೆ ಮಾತ್ರ ಋತು ಸೆಪ್ಟೆಂಬರಿನಲ್ಲೇ ನೆಲಮಾಳಿಗೆಯ ದೀಪ ಹಾಕುವುದರೊಂದಿಗೆ ಶುರುವಾಗುತ್ತಿತ್ತು. ಚಳಿಗೆ ಕೆಳಗಿಳಿದು ಹೋಗುತ್ತಿದ್ದ ನಾನು ಮೊದಮೊದಲು ಸುಮ್ಮನೆ ನೋಡುತ್ತಿದ್ದೆ, ಆಮೇಲೆ ಕೈಪಿಡಿ ಓದತೊಡಗಿದೆ.

ತೋಟಾ ಎಂದರೆ ನಾಲ್ಕು ವಸ್ತುಗಳು. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಿಯಲ್ಲಿ ಕೂರುವ ಗುಂಡು. ಕೇಪಿನ ಕೋವಿಯ ಕಥೆ ಕೇಳಿದವರು ಪ್ರೈಮರನ್ನು ಕೇಪಿನ ನೆಂಟನೆಂದುಕೊಳ್ಳಬಹುದು. ಈಡು ಹಾರಿದ ಮೇಲೆ ಮೂರರ ಕೆಲಸ ಮುಗಿಯುತ್ತದೆ, ಕೇಸು ಮಾತ್ರ ಉಳಿಯುತ್ತದೆ. ಹೀಗೆ ಉಳಿದದ್ದನ್ನು ಮತ್ತೆ ತುಂಬುವುದೇ ಹ್ಯಾಂಡ್‌ಲೋಡಿಂಗ್. ಮೊದಲು ಕೇಸುಗಳನ್ನು ಪುಡಿಮಾಡಿದ ಆಕ್ರೋಟು ಚಿಪ್ಪಿನೊಂದಿಗೆ ಅಲುಗುವ ಡಬ್ಬಿಗೆ ಹಾಕಿ ಉಜ್ಜುತ್ತಾರೆ. ಬಿರುಕಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾರೆ. ಹಾರಿದ ಕೇಸು ಹಿಗ್ಗಿರುತ್ತದೆ, ಆದ್ದರಿಂದ ತೆಳುವಾಗಿ ಜಿಡ್ಡು ಸವರಿ, ಪ್ರೆಸ್ಸಿನ ಹಿಡಿ ಒತ್ತಿ, ಉಕ್ಕಿನ ಡೈಯೊಳಗೆ ತೂರಿಸಿ ಮತ್ತೆ ಅಳತೆಗೆ ತರುತ್ತಾರೆ. ಹಳೆಯ ಪ್ರೈಮರು ಅದೇ ಒತ್ತಿನಲ್ಲಿ ಕೆಳಗೆ ಬೀಳುತ್ತದೆ. ಹಿತ್ತಾಳೆ ಪ್ರತಿ ಸಲವೂ ಸ್ವಲ್ಪ ಮುಂದಕ್ಕೆ ಹರಿದು ಉದ್ದವಾಗುವುದರಿಂದ ಕ್ಯಾಲಿಪರಿನಲ್ಲಿ ಅಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಬಾಯಿಯ ಅಂಚನ್ನು ನಯಮಾಡಬೇಕು. ಆಮೇಲೆ ಹೊಸ ಪ್ರೈಮರು, ತೂಗಿದ ಮದ್ದು, ಗುಂಡು. ಕೊನೆಗೆ ಇಡೀ ತೋಟಾದ ಉದ್ದ. ಹಲವು ಸಲ ಬಳಸಿದ ಕೇಸಿನ ಕುತ್ತಿಗೆ ಗಡುಸಾಗಿ ಸೀಳುತ್ತದೆ. ಅಂಥವುಗಳಿಗೆಂದೇ ಮೇಜಿನ ಕೆಳಗೊಂದು ತಗಡಿನ ಡಬ್ಬಿ ಇತ್ತು.

ಮದ್ದನ್ನು ತೂಗುವುದು ಗ್ರೇನಿನಲ್ಲಿ. ಒಂದು ಪೌಂಡಿಗೆ 7000 ಗ್ರೇನು. ಗ್ರೇನ್ ಎಂದರೆ ಕಾಳು, ಒಂದು ಕಾಲಕ್ಕೆ ಧಾನ್ಯದ ಕಾಳೇ ತೂಕದ ಕಲ್ಲಾಗಿತ್ತು. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನು ತೂಗುತ್ತದೆ. ಯಜಮಾನನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಭಾಗವನ್ನೂ ತೋರಿಸುತ್ತಿತ್ತು. ಇನ್ನು ಮದ್ದು ಎಂಬ ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ ಮದ್ದು ಕೋವಿಯ ಪುಡಿಯೂ ಹೌದು, ಔಷಧಿಯೂ ಹೌದು. ಯಾರಿಗೋ ಮದ್ದು ಹಾಕಿದರು ಎಂದರೆ ಕದ್ದು ತಿನ್ನಿಸಿದ ವಿಷವೂ ಹೌದು. ಈ ಮೂರನ್ನೂ ಬೇರೆಮಾಡುವುದು ಪ್ರಮಾಣ ಮತ್ತು ಉದ್ದೇಶ. ಕೈಪಿಡಿ ಪ್ರಮಾಣದ ಬಗ್ಗೆ ನೂರಾರು ಪುಟ ಬರೆಯುತ್ತದೆ. ಉದ್ದೇಶ ಓದುಗನಿಗೆ ಗೊತ್ತೇ ಇದೆ ಎಂದುಕೊಳ್ಳುತ್ತದೆ.

ಈ ಬರವಣಿಗೆಗೆ ತನ್ನದೇ ಪರಂಪರೆಯಿದೆ. 19ನೆಯ ಶತಮಾನದ ಕೊನೆಯಲ್ಲಿ ಐಡಿಯಲ್ ಎಂಬ ಕಂಪನಿ ತನ್ನ ಸಲಕರಣೆಗಳ ಜೊತೆಗೆ ಕೈಪಿಡಿಯನ್ನೂ ಅಚ್ಚುಹಾಕುತ್ತಿತ್ತು. 1925ರಲ್ಲಿ ಲೈಮನ್ ಕಂಪನಿ ಅದನ್ನು ಕೊಂಡು ಮುಂದುವರಿಸಿತು. ಪತ್ರಿಕೆಗಳ ಕಡೆಯಿಂದ ಜಾಕ್ ಓಕಾನರನಂಥವರು ಬಂದರು. 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ .270 ವಿಂಚೆಸ್ಟರ್ ತೋಟಾವನ್ನು ಮನೆಮಾತು ಮಾಡಿದ ಈತ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದವನು, ಕಾದಂಬರಿಗಳನ್ನೂ ಬರೆದವನು. ಅವನ ಅಂಕಣಗಳಲ್ಲಿ ಬೆಟ್ಟಗಳಿರುತ್ತವೆ, ಹವಾಮಾನವಿರುತ್ತದೆ, ತಮಾಷೆಯಿರುತ್ತದೆ. ಕೈಪಿಡಿ ಆ ಎಲ್ಲವನ್ನೂ ತೆಗೆದುಹಾಕಿ ಕ್ರಿಯಾಪದಗಳನ್ನಷ್ಟೇ ಉಳಿಸಿಕೊಂಡ ಗದ್ಯ.

ಪ್ರತಿ ತೋಟಾಕ್ಕೂ, ಪ್ರತಿ ತೂಕದ ಗುಂಡಿಗೂ, ಪ್ರತಿ ಬಗೆಯ ಮದ್ದಿಗೂ ಅದು ಎರಡು ಅಂಕಿ ಕೊಡುತ್ತದೆ. ಒಂದು ಆರಂಭದ್ದು, ಇನ್ನೊಂದು ಗರಿಷ್ಠ. ಕೆಳಗಿನಿಂದ ಶುರುಮಾಡು, ಚೂರುಚೂರೇ ಏರು. ಪ್ರೈಮರು ಚಪ್ಪಟೆಯಾಯಿತೇ, ಬೋಲ್ಟು ಬಿಗಿಯಾಯಿತೇ ಎಂದು ನೋಡು, ಅಲ್ಲಿಗೆ ನಿಲ್ಲು. ನಾಲ್ಕರಲ್ಲಿ ಒಂದನ್ನು ಬದಲಿಸಿದರೂ ಮತ್ತೆ ಕೆಳಕ್ಕೆ ಹೋಗು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಸಿಗರೇಟು ಬೇಡ. ಗಮನ ಬೇರೆಡೆ ಇದ್ದರೆ ಎದ್ದುಹೋಗು. ಓದುಗ ತಪ್ಪು ಮಾಡಿಯೇ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ಗದ್ಯವಿದು. ಓದುಗನ ಕೈ, ಕಣ್ಣು, ಮರೆವುಗಳನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಬರವಣಿಗೆಯನ್ನು ನಾನು ಸಾಹಿತ್ಯದ ತರಗತಿಯಲ್ಲಿ ಹೆಚ್ಚು ಓದಿಲ್ಲ. ಒಂದು ಪದ ಬದಲಾದರೆ ಮತ್ತೆ ಮೊದಲಿನಿಂದ ಯೋಚಿಸಬೇಕು ಎಂಬ ನಿಯಮ ನಮ್ಮ ವಿಮರ್ಶಕರಿಗೂ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಆ ಗಾಂಭೀರ್ಯದ ಬಿಸಿ ನನಗೂ ತಟ್ಟಿತು. ಒಂದು ಸಂಜೆ ಮರದ ಹಲಗೆಯ ಗುಳಿಗಳಲ್ಲಿ 50 ಕೇಸುಗಳು ನಿಂತಿದ್ದವು. ಮದ್ದು ಸುರಿದಾಗಿತ್ತು, ಗುಂಡು ಕೂರಿಸಿರಲಿಲ್ಲ. ಟಾರ್ಚು ಹಿಡಿದು ಪ್ರತಿಯೊಂದರಲ್ಲೂ ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡುವ ಕೆಲಸ ನನ್ನದು. ಅದೇ ವಾರ ಫಾಕ್ನರನ 'ದಿ ಬೇರ್' ಓದಿ ಮುಗಿಸಿದ್ದ ಉತ್ಸಾಹದಲ್ಲಿ ಟಾರ್ಚು ಆಡಿಸುತ್ತ ಅದರ ಕಥೆ ಹೇಳತೊಡಗಿದೆ. ಮುದುಕ ಆಸಕ್ತಿಯಿಂದಲೇ ಕೇಳಿದ. ಕಥೆ ಮುಗಿದ ಮೇಲೆ, ಎಲ್ಲವನ್ನೂ ನೋಡಿದೆಯಾ ಎಂದು ಕೇಳಿದ. ನೋಡಿದ ಹಾಗಿದೆ ಎಂದೆ. ಅವನು ಬೈಯಲಿಲ್ಲ. 50 ಕೇಸುಗಳ ಮದ್ದನ್ನೂ ಒಂದೊಂದಾಗಿ ಡಬ್ಬಿಗೆ ವಾಪಸು ಸುರಿದು, ತಕ್ಕಡಿಯನ್ನು ಸೊನ್ನೆಗೆ ತಂದು, ಮೊದಲಿನಿಂದ ಶುರುಮಾಡಿದ. ಆ ರಾತ್ರಿ ನಾನು ಮತ್ತೆ ಮಾತಾಡಲಿಲ್ಲ.

ಇದಾದ ಮೇಲೆ ಮೈಕೆಲ್ ಸಿಮಿನೋನ 'ದಿ ಡಿಯರ್ ಹಂಟರ್' ಚಿತ್ರವನ್ನು ಮತ್ತೊಮ್ಮೆ ನೋಡಿದೆ. 1978ರ ಆ ಚಿತ್ರ ನಡೆಯುವುದೂ ಪೆನ್ಸಿಲ್ವೇನಿಯಾದಲ್ಲೇ, ಕ್ಲೇರ್ಟನ್ ಎಂಬ ಉಕ್ಕಿನ ಊರಿನಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಹೊರಡುವ ಮುನ್ನ ಗೆಳೆಯರು ಬೇಟೆಗೆ ಹೋಗುತ್ತಾರೆ. ಸ್ಟ್ಯಾನ್ ಎಂಬವನು ಬೂಟು ಮರೆತು ಬಂದಿದ್ದಾನೆ. ರಾಬರ್ಟ್ ಡಿ ನಿರೋ ನಟಿಸಿರುವ ಮೈಕೆಲ್‌ನ ಬಳಿ ಹೆಚ್ಚುವರಿ ಜೊತೆಯಿದ್ದರೂ ಅವನು ಕೊಡಲು ಒಪ್ಪುವುದಿಲ್ಲ. ಬದಲಿಗೆ ಕೈಯಲ್ಲೊಂದು ತೋಟಾ ಎತ್ತಿ ಹಿಡಿದು, ಇದು ಇದೇ, ಬೇರೇನೂ ಅಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಸ್ಟ್ಯಾನನಿಗೆ ಅದು ಅರ್ಥವಾಗುವುದಿಲ್ಲ. ಮೊದಲ ಸಲ ನೋಡಿದಾಗ ನನಗೂ ಆಗಿರಲಿಲ್ಲ. ನೆಲಮಾಳಿಗೆಯ ಪಾಠದ ನಂತರ ಆಯಿತು. ಸಿದ್ಧತೆ ಸಾಲ ಕೊಡುವ ವಸ್ತುವಲ್ಲ, ತಯಾರಾಗದೆ ಬಂದವನು ಕಾಡಿಗೆ ಬರಬಾರದು ಎನ್ನುತ್ತಿದ್ದಾನೆ ಅವನು. ಜಿಂಕೆಯನ್ನು ಒಂದೇ ಈಡಿನಲ್ಲಿ ಹೊಡೆಯಬೇಕೆಂಬ ಅವನ ವ್ರತವೂ ಅದರ ಭಾಗವೇ.

ಇಲ್ಲಿ ಮೈಕೆಲ್ ಕೈಪಿಡಿಯ ಆದರ್ಶ ಓದುಗ. ಆದರೆ ಚಿತ್ರ ಅವನ ಮಾತನ್ನು ಒಪ್ಪುವುದಿಲ್ಲ. ಮುಂದಿನ ಭಾಗದಲ್ಲಿ ಅಂಥದೇ ಒಂದೊಂದು ತೋಟಾ ರಿವಾಲ್ವರಿನ ಗಾಲಿಯಲ್ಲಿ ಸುತ್ತುತ್ತ ಸೆರೆಯಾಳುಗಳ ತಲೆಗೆ ಬರುತ್ತದೆ. ಒಂದೇ ಈಡು ಎಂಬ ವ್ರತದ ಅರ್ಥವೇ ಅಲ್ಲಿ ತಿರುಗಿಬೀಳುತ್ತದೆ. ಯುದ್ಧದಿಂದ ಮರಳಿ ಮತ್ತೆ ಬೆಟ್ಟ ಹತ್ತಿದ ಮೈಕೆಲ್ ಜಿಂಕೆ ಎದುರು ನಿಂತಾಗಲೂ ಅದನ್ನು ಹೊಡೆಯುವುದಿಲ್ಲ, ಈಡು ಮೇಲಕ್ಕೆ ಹಾರುತ್ತದೆ. ಅದೇ ಸಂಯಮದ ಮನುಷ್ಯ ಆಮೇಲೆ ಕ್ಯಾಬಿನ್ನಿನಲ್ಲಿ ಸಿಟ್ಟಿನಿಂದ ಸ್ಟ್ಯಾನನ ತಲೆಗೇ ರಿವಾಲ್ವರ್ ಹಿಡಿಯುತ್ತಾನೆ. ವಿಯೆಟ್ನಾಮಿನ ಆ ರೂಲೆಟ್ ದೃಶ್ಯಗಳಿಗೆ ಚರಿತ್ರೆಯ ಆಧಾರವಿಲ್ಲವೆಂಬ ಆಕ್ಷೇಪಣೆ ಚಿತ್ರ ಬಂದಾಗಲೇ ಎದ್ದಿತ್ತು, ಅದು ನ್ಯಾಯವಾದದ್ದೇ. ಹಾಗಿದ್ದರೂ ತೋಟಾ ಎಂದೂ ತೋಟಾ ಮಾತ್ರವಾಗಿ ಉಳಿಯುವುದಿಲ್ಲ ಎನ್ನುವುದನ್ನು ಆ ಚಿತ್ರ ಬಲವಾಗಿ ಕಾಣಿಸುತ್ತದೆ.

ನನ್ನ ಗಮನ ತಪ್ಪಿಸಿದ ಆ ಕಥೆಗೆ ಈಗ ಬರುತ್ತೇನೆ. 1942ರ 'ಗೋ ಡೌನ್, ಮೋಸೆಸ್' ಪುಸ್ತಕದಲ್ಲಿರುವ 'ದಿ ಬೇರ್' ಸಿದ್ಧತೆಯ ಇನ್ನೊಂದು ಬಗೆಯನ್ನು ತೋರಿಸುತ್ತದೆ. ಹುಡುಗ ಐಕ್ ಮೆಕಾಸ್ಲಿನ್‌ಗೆ ಓಲ್ಡ್ ಬೆನ್ ಎಂಬ ಮುದಿ ಕರಡಿಯನ್ನು ನೋಡಬೇಕು. ಕೋವಿ ಹಿಡಿದು ಹೋದರೆ ಅದು ಕಾಣಿಸಿಕೊಳ್ಳುವುದಿಲ್ಲ. ಅವನು ಕೋವಿಯನ್ನು ಬಿಟ್ಟು ಹೋಗುತ್ತಾನೆ. ಅದೂ ಸಾಲದೆ ಗಡಿಯಾರ ಮತ್ತು ದಿಕ್ಸೂಚಿಯನ್ನು ಪೊದೆಗೆ ತೂಗುಹಾಕಿ ಮುಂದೆ ನಡೆದು, ದಾರಿ ತಪ್ಪುತ್ತಾನೆ. ಆಗ ಕರಡಿ ಕಾಣಿಸುತ್ತದೆ. ಕೈಪಿಡಿಯ ಬೇಟೆಗಾರ ಒಂದೊಂದೇ ಅಳತೆಯನ್ನು ಸೇರಿಸುತ್ತ ಸಿದ್ಧನಾದರೆ ಐಕ್ ಒಂದೊಂದನ್ನೇ ಕಳಚುತ್ತ ಸಿದ್ಧನಾಗುತ್ತಾನೆ. ಕೊನೆಗೆ ಕರಡಿಯನ್ನು ಕೊಲ್ಲುವುದು ಕೋವಿಯಲ್ಲ, ಗುರಿಹಿಡಿಯಲು ಬಾರದ ಬೂನ್ ಹೊಗನ್‌ಬೆಕ್ಕನ ಚಾಕು.

ಕಥೆಯ ಕೊನೆಯ ದೃಶ್ಯ ಬೂನನದ್ದೇ. ಕಾಡು ಮರದ ಕಂಪನಿಗೆ ಮಾರಾಟವಾಗಿದೆ. ಅಳಿಲುಗಳು ತುಂಬಿದ ಒಂಟಿ ಮರದ ಕೆಳಗೆ ಕೂತ ಅವನು ಬಿಚ್ಚಿದ ಕೋವಿಯ ಒಂದು ಭಾಗವನ್ನು ಇನ್ನೊಂದಕ್ಕೆ ಹುಚ್ಚುಹಿಡಿದವನಂತೆ ಬಡಿಯುತ್ತಿದ್ದಾನೆ, ಇವೆಲ್ಲ ತನ್ನವು, ಯಾರೂ ಮುಟ್ಟಬಾರದು ಎಂದು ಕೂಗುತ್ತಿದ್ದಾನೆ. ವಿಮರ್ಶಕರು ಇದನ್ನು ಕಾಡಿನ ಅವಸಾನದ ಚಿತ್ರವಾಗಿ ಓದುತ್ತಾರೆ. ನನಗೆ ಅದು ನೆಲಮಾಳಿಗೆಯ ಮೇಜಿನ ತಲೆಕೆಳಗಾದ ರೂಪದಂತೆಯೂ ಕಾಣುತ್ತದೆ. ಅದೇ ಬಿಡಿಭಾಗಗಳು, ಅದೇ ತನ್ಮಯತೆ, ಅದೇ ಒಡೆತನ. ಹೊರಗೆ ಕಾಡು ಇಲ್ಲವಾಗುತ್ತಿರುವಾಗ ಮನುಷ್ಯನ ಪೂರ್ತಿ ಗಮನ ಲೋಹದ ಮೇಲಿದೆ. ನನ್ನ ಯಜಮಾನ ಬೂನ್ ಆಗಿರಲಿಲ್ಲ. ಆದರೆ ಆ ಮೇಜಿಗೆ ಬೂನನಾಗುವ ಅಪಾಯ ಯಾವಾಗಲೂ ಇದೆ. 100 ಗಜದಲ್ಲಿ ಮೂರು ಗುಂಡು ಒಂದು ಅಂಗುಲದೊಳಗೆ ಬಿದ್ದ ಕಾಗದವನ್ನು ಗೋಡೆಗೆ ಅಂಟಿಸಿಕೊಳ್ಳುವವರಿದ್ದಾರೆ. ಮರಗಳು ದಟ್ಟವಾಗಿರುವ ಕಡೆ ಜಿಂಕೆ ಅದಕ್ಕಿಂತ ಎಷ್ಟೋ ಹತ್ತಿರದಲ್ಲಿ ಎದುರಾಗುತ್ತದೆ, ಅಂಗಡಿಯ ತೋಟಾವೇ ಸಾಕು. ಹೆಚ್ಚಿನ ನಿಖರತೆ ಜಿಂಕೆಗಾಗಿಯೋ, ಗೋಡೆಗಾಗಿಯೋ?

ಈ ಪ್ರಶ್ನೆಯನ್ನು ಬೇಟೆಗಾರನಾಗಿದ್ದುಕೊಂಡೇ ಕೇಳಿದವನು ಆಲ್ಡೊ ಲಿಯೋಪೋಲ್ಡ್. ಅವನು ತೀರಿಕೊಂಡ ಮರುವರ್ಷ, 1949ರಲ್ಲಿ, ಪ್ರಕಟವಾದ 'ಎ ಸ್ಯಾಂಡ್ ಕೌಂಟಿ ಆಲ್ಮನಾಕ್' ಪುಸ್ತಕದಲ್ಲಿ ಬೇಟೆಗಾರನ ಮೈಗೆ ಜೋತುಬೀಳುವ ಸಲಕರಣೆಗಳನ್ನು ಗೇಲಿಮಾಡುವ ಪ್ರಬಂಧವಿದೆ. ಬೇಟೆಗಾರನ ನಡತೆಯನ್ನು ನೋಡಿ ಚಪ್ಪಾಳೆ ತಟ್ಟಲು, ಛೀ ಎನ್ನಲು ಪ್ರೇಕ್ಷಕರಿಲ್ಲ, ಅವನಿಗಿರುವುದು ಅವನ ಆತ್ಮಸಾಕ್ಷಿ ಮಾತ್ರ ಎನ್ನುವ ವಿಚಾರ ಬರುವುದೂ ಅಲ್ಲೇ. ಆ ಮಾತು ಕಾಡಿಗೆ ಎಷ್ಟು ನಿಜವೋ ನೆಲಮಾಳಿಗೆಗೂ ಅಷ್ಟೇ ನಿಜ. ಆ 50 ಕೇಸುಗಳನ್ನು ಹಾಗೇ ಮುಚ್ಚಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಅದೇ ಪುಸ್ತಕದ ಇನ್ನೊಂದು ಪ್ರಬಂಧದಲ್ಲಿ, ಯುವಕ ಲಿಯೋಪೋಲ್ಡ್ ಮತ್ತು ಜೊತೆಗಾರರು ಬಂಡೆಯ ಅಂಚಿನಿಂದ ತೋಳದ ಗುಂಪಿನ ಮೇಲೆ ಗುಂಡು ಹಾರಿಸುತ್ತಾರೆ. ಉದ್ವೇಗ ಹೆಚ್ಚು, ಗುರಿ ಕಡಿಮೆ. ಕೋವಿಗಳು ಖಾಲಿಯಾದಾಗ ತಾಯಿ ತೋಳ ಬಿದ್ದಿದೆ. ಕೆಳಗಿಳಿದು ಹೋದ ಅವನು ಅದರ ಕಣ್ಣಿನಲ್ಲಿ ಆರುತ್ತಿದ್ದ ಹಸಿರು ಬೆಂಕಿಯನ್ನು ನೋಡುತ್ತಾನೆ. ಕೈಪಿಡಿ ಈ ದೃಶ್ಯದಲ್ಲಿ ಒಂದೇ ತಪ್ಪನ್ನು ಗುರುತಿಸಬಲ್ಲದು: ಗುರಿ ಸರಿಯಿರಲಿಲ್ಲ. ಲಿಯೋಪೋಲ್ಡ್ ಕಂಡ ತಪ್ಪು ಬೇರೆ. ಪ್ರತಿ ಗುಂಡೂ ನೆಟ್ಟಗೆ ತಗುಲಿದ್ದರೂ ಅದು ತಪ್ಪೇ ಆಗಿರುತ್ತಿತ್ತು, ಏಕೆಂದರೆ ತೋಳಗಳು ಹೋದ ಬೆಟ್ಟವನ್ನು ಜಿಂಕೆಗಳು ಮೇದು ಬೋಳಾಗಿಸುತ್ತವೆ. ಗುರಿ ತಪ್ಪುವುದು ಒಂದು ತಪ್ಪು, ಗುರಿಯೇ ತಪ್ಪಾಗಿರುವುದು ಇನ್ನೊಂದು. ಮೊದಲನೆಯದನ್ನು ತಕ್ಕಡಿ ಹಿಡಿಯುತ್ತದೆ. ಎರಡನೆಯದನ್ನು ಹಿಡಿಯಲು ಸಾಹಿತ್ಯ ಬೇಕಾಗುತ್ತದೆ ಎಂಬುದು ನನ್ನ ವಾದ. ಕೈಪಿಡಿಯನ್ನು ಇಷ್ಟೆಲ್ಲ ಮೆಚ್ಚಿದ ಮೇಲೂ ಅದರ ಬಗೆಗಿರುವ ಆಕ್ಷೇಪಣೆಯೂ ಇದೇ.

ಜಿಂಕೆ ಕೈಪಿಡಿಯೊಳಗೆ ಇಣುಕುವುದು ಗಾತ್ರದ ಒಂದು ವರ್ಗವಾಗಿ, ಯಾವ ಗುಂಡು ಯಾವ ಪ್ರಾಣಿಗೆ ಎಂಬ ಲೆಕ್ಕದಲ್ಲಿ ಮಾತ್ರ. ಆದರೆ ಈ ವಿದ್ಯೆಯ ಚರಿತ್ರೆಯಲ್ಲಿ ಪ್ರಾಣಿ ಆಗಾಗ ಎದುರು ಬಂದು ನಿಂತಿದೆ. 1946ರಲ್ಲಿ ಜಾನ್ ನೋಸ್ಲರ್ ಕೆನಡಾದಲ್ಲಿ ಹೊಡೆದ ಕೆಸರು ಮೆತ್ತಿದ ಮೂಸ್ ಬೀಳಲಿಲ್ಲ, ಗುಂಡುಗಳು ಮೇಲ್ಮೈಯಲ್ಲೇ ಒಡೆದುಹೋಗಿದ್ದವು. ಆ ಬೇಸರದಿಂದ ಹುಟ್ಟಿದ್ದು ನಡುವೆ ಗೋಡೆಯಿರುವ ಪಾರ್ಟಿಷನ್ ಗುಂಡು. ಇನ್ನೊಂದು ಉದಾಹರಣೆ ಸೀಸದ್ದು. ಸೀಸದ ಗುಂಡು ಮೈಯೊಳಗೆ ಚೂರಾಗುತ್ತದೆ. ಬೇಟೆಗಾರ ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದ ಹದ್ದು, ಕಾಂಡೋರುಗಳಿಗೆ ಆ ಚೂರುಗಳು ವಿಷವಾಗುತ್ತವೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ಹಂಚಲು ದಾನವಾಗಿ ಬಂದಿದ್ದ ಜಿಂಕೆ ಮಾಂಸವನ್ನು ಇದೇ ಕಾರಣಕ್ಕೆ ಹಿಂತೆಗೆದುಕೊಂಡರು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. ಹಾಗಾಗಿ ಸೀಸವೋ ತಾಮ್ರವೋ ಎಂದು ಸೆಪ್ಟೆಂಬರಿನ ಒಂದು ಸಂಜೆ ಮೇಜಿನ ಮುಂದೆ ಮಾಡುವ ಆಯ್ಕೆ ಡಿಸೆಂಬರಿನ ಒಂದು ಹದ್ದಿನ ಹೊಟ್ಟೆಯವರೆಗೆ ಹೋಗುತ್ತದೆ. ಈಡು ಹಾರುವ ಕ್ಷಣದ ಸುತ್ತಲೇ ಸುತ್ತುವ ಬೇಟೆಯ ಕಥೆಗಳು ಈ ಉದ್ದದ ದಾರಿಯನ್ನು ಕಾಣುವುದಿಲ್ಲ.

ಕನ್ನಡದಲ್ಲಿ ಬೇಟೆಯನ್ನು ಓದುತ್ತ ಬೆಳೆದ ನನಗೂ ಅದು ಕಂಡಿರಲಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳಿಂದ ನನಗೆ ನೆನಪಿರುವುದು ಮಚಾನಿನ ರಾತ್ರಿಗಳು, ಅವನ .405 ವಿಂಚೆಸ್ಟರ್, ಕತ್ತಲಿನ ಸದ್ದುಗಳು. ತೋಟಾಗಳು ಎಲ್ಲಿಂದ ಬಂದವು ಎಂದು ನಾನೆಂದೂ ಕೇಳಿಕೊಂಡಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಬೇಟೆ ಹೆಚ್ಚಾಗಿ ನೆನಪಿನ ವಸ್ತು. ನೆನಪು ರೋಚಕ ಕ್ಷಣವನ್ನು ಇಟ್ಟುಕೊಂಡು ಸಿದ್ಧತೆಯ ಬೇಸರವನ್ನು ಬಿಟ್ಟುಬಿಡುತ್ತದೆ. ಬೇಟೆಯ ಕಥೆಯನ್ನು ಇನ್ನು ಮುಂದೆ ಓದುವಾಗ ಬೇಟೆಗಾರ ಹಿಂದಿನ ದಿನ ಏನು ಮಾಡುತ್ತಿದ್ದ ಎಂದು ಹುಡುಕಿ ನೋಡಿ. ಕಥೆಗಾರನಿಗೆ ಅದು ಗೊತ್ತಿದೆಯೋ ಇಲ್ಲವೋ ಎನ್ನುವುದರಿಂದಲೇ ಕಥೆಯ ತೂಕ ಅರ್ಧ ತಿಳಿಯುತ್ತದೆ.

ನನ್ನ ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಮುದುಕ ತಕ್ಕಡಿಯ ಮುಂದೆ ಬಹಳ ಹೊತ್ತು ಬಗ್ಗಿ ಕೂತ. ಅಂಕಿ ಓದಲು ನನ್ನನ್ನು ಕರೆದ. ಓದಿದೆ. ಮತ್ತೊಮ್ಮೆ ತೂಗಿ, ತಾನೊಂದು ಅಂಕಿ ಹೇಳಿ, ನನ್ನನ್ನು ಕೇಳಿದ. ನಮ್ಮ ಅಂಕಿಗಳು ಬೇರೆಯಾಗಿದ್ದವು. ಅವನು ತಕ್ಕಡಿಗೆ ಬಟ್ಟೆ ಹೊದಿಸಿದ. ನಾನು ಓದಿ ಹೇಳುತ್ತೇನೆ, ನೀವು ತುಂಬಿ ಎಂದೆ. ತನ್ನ ಕಣ್ಣಿಗೆ ಕಾಣದ್ದನ್ನು ತನ್ನ ಕೋವಿಗೆ ಹಾಕುವುದಿಲ್ಲ ಎಂದ. ಮುಂದಿನ ವಾರ ಅಂಗಡಿಯಿಂದ 20 ತೋಟಾಗಳ ಒಂದು ಪೆಟ್ಟಿಗೆ ಬಂತು.

ಋತು ತೆರೆದ ಸೋಮವಾರ ಕಿತ್ತಳೆ ಅಂಗಿ ತೊಟ್ಟು ನಸುಕಿನಲ್ಲೇ ಹೋದವನು ಕತ್ತಲಾದ ಮೇಲೆ ಬಂದ. ಪೆಟ್ಟಿಗೆಯಲ್ಲಿ 20 ತೋಟಾಗಳೂ ಇದ್ದವು. ಏನೂ ಕಾಣಲಿಲ್ಲವೇ ಎಂದು ಕೇಳಿದೆ. ಸಂಜೆಯ ಹೊತ್ತಿಗೆ ಒಂದು ಗಂಡು ಜಿಂಕೆ ಬಂದಿತ್ತಂತೆ, ಹತ್ತಿರದಲ್ಲೇ ನಿಂತಿತ್ತಂತೆ. "ಕಂಡಿತು, ಆದರೆ ಸರಿಯಾಗಿ ಕಾಣಲಿಲ್ಲ" ಎಂದು ಬೂಟಿನ ದಾರ ಬಿಚ್ಚತೊಡಗಿದ.